ರೂಪಾಯಿ ತೂಕದ ಬೆಳ್ಳಿ ತಾಟು

ಗದಗ ಸೀಮೆಯ ಹಳೆಯ ಮನೆತನಗಳಲ್ಲಿ ಹಿರಿಯರು ಬೆಳ್ಳಿ ಪಾತ್ರೆಯ ಮಾತು ತೆಗೆದರೆ ‘ಅದು ಅರವತ್ತು ರೂಪಾಯಿ ತಾಟು’, ‘ಇದು ಇಪ್ಪತ್ತು ರೂಪಾಯಿ ತಂಬಿಗಿ’ ಎನ್ನುವುದುಂಟು. ಇಂದಿನ ಮಕ್ಕಳಿಗೆ ಇದು ತಮಾಷೆಯಾಗಿ ಕೇಳುತ್ತದೆ. ಅರವತ್ತು ರೂಪಾಯಿಗೆ ಈಗ ಸ್ಟೀಲಿನ ತಾಟೂ ಬರುವುದಿಲ್ಲ. ಆದರೆ ಹಿರಿಯರು ಹೇಳುತ್ತಿರುವುದು ಬೆಲೆಯನ್ನಲ್ಲ, ತೂಕವನ್ನು. ಅರವತ್ತು ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ಬಡಿದು ಮಾಡಿದ ತಾಟು ಅದು. ಒಂದು ರೂಪಾಯಿ ಎಂದರೆ ಒಂದು ತೊಲೆ, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಅರವತ್ತಕ್ಕೆ ಸುಮಾರು 700 ಗ್ರಾಂ.

ಹಳೆಯ ಬೆಳ್ಳಿ ಪಾತ್ರೆಗಳನ್ನು ಸಂಗ್ರಹಿಸುವ ಹವ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ. ಹರಾಜು ಸಂಸ್ಥೆಗಳ ಪಟ್ಟಿಯಲ್ಲಿ ಇಂಗ್ಲೆಂಡಿನ ‘ಸ್ಟರ್ಲಿಂಗ್’ ಚಹಾ ಪಾತ್ರೆ, ಮದರಾಸಿನ ‘ಸ್ವಾಮಿ’ ಕೆತ್ತನೆಯ ಹಾಲಿನ ಜಗ್ಗು, ಕಚ್ಛದ ಹೂಬಳ್ಳಿಯ ತಟ್ಟೆ ಇವಕ್ಕೆಲ್ಲ ಗೌರವದ ಜಾಗವಿದೆ. ಗದಗಿನ ರೂಪಾಯಿ ತಾಟಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅದು ಹೋಗುವುದು ಸರಾಫರ ಅಂಗಡಿಯ ತಕ್ಕಡಿಗೆ, ಅಲ್ಲಿಂದ ಮೂಸೆಗೆ. ಎರಡೂ ಒಂದೇ ಲೋಹ, ಹೆಚ್ಚುಕಡಿಮೆ ಒಂದೇ ಶುದ್ಧಿ, ಒಂದೇ ಕಾಲದವು. ಒಂದು ಕಪಾಟಿಗೆ, ಇನ್ನೊಂದು ಕುಲುಮೆಗೆ ಹೋಗುವುದು ಏಕೆ ಎಂಬುದಕ್ಕೆ ನೂರೈವತ್ತು ವರ್ಷಗಳ ಇತಿಹಾಸವಿದೆ.

ಸಿಂಹದ ಮುದ್ರೆ

ಶುದ್ಧ ಬೆಳ್ಳಿ ಬಲು ಮೆದು. ಅದರಿಂದ ತಾಟು ಮಾಡಿದರೆ ನಾಲ್ಕು ದಿನದಲ್ಲಿ ಅಂಚು ಬಾಗುತ್ತದೆ, ಚಮಚ ಮಾಡಿದರೆ ಹಿಡಿ ಸೊಟ್ಟಗಾಗುತ್ತದೆ. ಅದಕ್ಕೇ ಸ್ವಲ್ಪ ತಾಮ್ರ ಬೆರೆಸಬೇಕು. ಎಷ್ಟು ಬೆರೆಸಬೇಕು ಎಂಬಲ್ಲಿಯೇ ಮೋಸಕ್ಕೆ ದಾರಿ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ತಾಮ್ರ ಎಂಬುದು ಇಂಗ್ಲೆಂಡಿನವರು ಹಾಕಿಕೊಂಡ ಗೆರೆ. ಇದೇ ಸ್ಟರ್ಲಿಂಗ್. ಅವರ ನಾಣ್ಯದ ಮಟ್ಟವೂ ಶತಮಾನಗಳ ಕಾಲ ಇದೇ ಆಗಿತ್ತು. ಈಗ ಆ ನಾಣ್ಯದಲ್ಲಿ ಬೆಳ್ಳಿಯ ಅಂಶವೇ ಇಲ್ಲದಿದ್ದರೂ ಪೌಂಡಿನ ಹಿಂದೆ ‘ಸ್ಟರ್ಲಿಂಗ್’ ಎಂಬ ಹೆಸರು ಅಂಟಿಕೊಂಡೇ ಇದೆ.

1300ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಕಾನೂನು ಮಾಡಿ, ಪರೀಕ್ಷೆಯಾದ ಬೆಳ್ಳಿಗೆ ಚಿರತೆಯ ತಲೆಯ ಗುರುತು ಒತ್ತಬೇಕು ಎಂದು ವಿಧಿಸಿದ. 1363ರಲ್ಲಿ ಮಾಡಿದವನ ಗುರುತು ಸೇರಿತು. 1478ರಲ್ಲಿ ವರ್ಷಕ್ಕೊಂದು ಅಕ್ಷರ, 1544ರಲ್ಲಿ ನಡೆಯುತ್ತಿರುವ ಸಿಂಹ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ನಗರಗಳಲ್ಲಿ ಪರೀಕ್ಷಾ ಕಚೇರಿಗಳು ತೆರೆದಾಗ ಮೊದಲನೆಯದಕ್ಕೆ ಲಂಗರು, ಎರಡನೆಯದಕ್ಕೆ ಕಿರೀಟ ಗುರುತಾಯಿತು. ಹೀಗೆ ಒಂದು ಚಮಚದ ಹಿಡಿಯ ಹಿಂಬದಿಯಲ್ಲಿ ಜೋಳದ ಕಾಳಿಗಿಂತ ದೊಡ್ಡದಲ್ಲದ ನಾಲ್ಕೈದು ಮುದ್ರೆಗಳು. ಅವನ್ನು ಓದಬಲ್ಲವನಿಗೆ ಚಮಚ ಯಾವ ಊರಿನದು, ಯಾವ ವರ್ಷದ್ದು, ಯಾರು ಮಾಡಿದ್ದು ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಸಂಗ್ರಾಹಕರು ಸ್ಟರ್ಲಿಂಗಿಗೆ ಮುಗಿಬೀಳುವುದು ಬೆಳ್ಳಿಗಾಗಿ ಅಷ್ಟೇ ಅಲ್ಲ, ಈ ಜಾತಕಕ್ಕಾಗಿ.

ನಮ್ಮಲ್ಲಿ ಅಂಥ ಸರ್ಕಾರಿ ಪರೀಕ್ಷಾ ಕಚೇರಿ ಇರಲಿಲ್ಲ. ಹಾಗೆಂದು ಶುದ್ಧಿಯ ಲೆಕ್ಕವೇ ಇರಲಿಲ್ಲ ಎನ್ನುವಂತಿಲ್ಲ. ಒರೆಗಲ್ಲು ಇತ್ತು, ಪುಟಕ್ಕಿಡುವ ವಿದ್ಯೆ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸನ ಊಟದ ವೈಭವಕ್ಕೆಂದೇ ಒಂದು ಭಾಗವಿದೆ. ಗದಗ, ಲಕ್ಕುಂಡಿ, ಲಕ್ಷ್ಮೇಶ್ವರಗಳು ಅವನ ರಾಜ್ಯದ ನಡುವಿನ ಊರುಗಳು. ಲೊಕ್ಕಿಗುಂಡಿ ಎನಿಸಿಕೊಂಡಿದ್ದ ಲಕ್ಕುಂಡಿಯಲ್ಲಿ ಟಂಕಸಾಲೆಯೇ ಇತ್ತು. ‘ಲೊಕ್ಕಿ ಗದ್ಯಾಣ’ ಎಂಬ ಚಿನ್ನದ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಅರಮನೆಯ ಮಾತು ಬೇರೆ. ರೈತರ, ವ್ಯಾಪಾರಿಗಳ ಮನೆಯ ಊಟದ ತಾಟಿಗೆ ಬೆಳ್ಳಿ ಬಂದದ್ದು ತೀರ ಈಚೆಗೆ, ಅದೂ ರೂಪಾಯಿಯ ರೂಪದಲ್ಲಿ.

ಹತ್ತಿಯ ಹಣ

ಬ್ರಿಟಿಷರಿಗಿಂತ ಮೊದಲು ಈ ಭಾಗದಲ್ಲಿ ಓಡುತ್ತಿದ್ದ ರೂಪಾಯಿ ಒಂದೇ ಬಗೆಯದಲ್ಲ. ಬಾಗಲಕೋಟೆಯ ಟಂಕಸಾಲೆಯಲ್ಲಿ ಅಚ್ಚಾದ ಮಲ್ಹಾರಶಾಹಿ, ಬೆಳಗಾವಿ ಪಕ್ಕದ ಶಹಾಪುರದ ರೂಪಾಯಿ, ಹೀಗೆ ಊರಿಗೊಂದು ಬಗೆ. ಯಾವುದರಲ್ಲಿ ಎಷ್ಟು ಬೆಳ್ಳಿ ಎಂದು ಹೇಳಲು ಸರಾಫನೇ ಬೇಕು. ಆತನ ಕಸುಬೇ ಅದು. 1835ರಲ್ಲಿ ಕಂಪನಿ ಸರ್ಕಾರ ದೇಶಕ್ಕೆಲ್ಲ ಒಂದೇ ರೂಪಾಯಿ ಎಂದು ಕಾಯ್ದೆ ಮಾಡಿತು. ತೂಕ 180 ಗ್ರೇನ್, ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು, ಅಂದರೆ ಸಾವಿರಕ್ಕೆ 916.6. ಸ್ಟರ್ಲಿಂಗಿಗಿಂತ ಎಂಟು ಪಾಲಿನಷ್ಟು ಮಾತ್ರ ಕಡಿಮೆ.

ಈ ಒಂದು ಕಾಯ್ದೆಯಿಂದ ಹಳ್ಳಿಯ ಮನುಷ್ಯನ ಕೈಗೆ, ಯಾರನ್ನೂ ಕೇಳದೆ ನಂಬಬಹುದಾದ ಬೆಳ್ಳಿ ಸಿಕ್ಕಿತು. ರಾಣಿಯ ಮುಖವಿದ್ದರೆ ಸಾಕು, ಶುದ್ಧಿಯ ಪ್ರಶ್ನೆಯೇ ಇಲ್ಲ. ಪಾತ್ರೆ ಬೇಕಾದವರು ರಾಣಿ ಛಾಪಿನ ರೂಪಾಯಿಗಳನ್ನು ಎಣಿಸಿ ಪತ್ತಾರನ ಮುಂದೆ ಇಡುವುದು, ಅವು ಕರಗುವವರೆಗೂ ಮೂಸೆಯ ಮೇಲಿಂದ ಕಣ್ಣು ತೆಗೆಯದೆ ಎದುರಿಗೆ ಕೂಡುವುದು, ಮಜೂರಿ ಬೇರೆ ಕೊಡುವುದು ಎಂಬ ಪದ್ಧತಿ ದೇಶದ ತುಂಬ ಇತ್ತು. ಅಕ್ಕಸಾಲಿಗರ ಕೈಚಳಕದ ಬಗ್ಗೆ ಇರುವಷ್ಟು ಗಾದೆಗಳು ಬೇರೆ ಕಸುಬಿನವರ ಬಗ್ಗೆ ಇಲ್ಲದಿರುವುದನ್ನು ನೆನೆದರೆ ಈ ಕಾವಲು ಅರ್ಥವಾಗುತ್ತದೆ. ತಾಟು ತಯಾರಾದ ಮೇಲೆ ಮತ್ತೆ ತಕ್ಕಡಿಯಲ್ಲಿಟ್ಟು ಎದುರಿಗೆ ರೂಪಾಯಿಗಳನ್ನೇ ಹಾಕಿ ತೂಗಿದರಾಯಿತು. ನಾಣ್ಯವೇ ಕಚ್ಚಾ ಮಾಲು, ನಾಣ್ಯವೇ ತೂಕದ ಕಲ್ಲು, ನಾಣ್ಯವೇ ಶುದ್ಧಿಯ ಜಾಮೀನು.

ಅಷ್ಟೊಂದು ರೂಪಾಯಿ ಬಂದದ್ದು ಎಲ್ಲಿಂದ? ಗದಗಿನ ಮಟ್ಟಿಗೆ ಉತ್ತರ ಕಪ್ಪು ನೆಲದ ಹತ್ತಿಯಲ್ಲಿದೆ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳಲ್ಲಿ 1840ರ ದಶಕದಿಂದ ಅಮೆರಿಕದ ಹತ್ತಿಯ ತಳಿ ಬೇರೂರಿ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಬಂದರುಗಳು ಮುಚ್ಚಿದವು. ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗಾಗಿ ಮುಂಬಯಿಯತ್ತ ತಿರುಗಿದವು. 1865ರಲ್ಲಿ ಯುದ್ಧ ಮುಗಿಯುವತನಕ ನಾಲ್ಕು ವರ್ಷ ಹತ್ತಿಯ ಬೆಲೆ ಏರುತ್ತಲೇ ಹೋಯಿತು. ಬೆಲೆ ಬಂದದ್ದು ಬೆಳ್ಳಿಯಲ್ಲಿ. ಆ ವರ್ಷಗಳಲ್ಲಿ ಪಶ್ಚಿಮ ಭಾರತದ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರು ಎಂಬ ಮಾತನ್ನು ಇಂಗ್ಲಿಷ್ ಅಧಿಕಾರಿಗಳೂ ಪತ್ರಿಕೆಗಳೂ ಬಾಯಿಂದ ಬಾಯಿಗೆ ದಾಟಿಸಿದವು. ಗಾಲಿಯ ಪಟ್ಟಿ ಉತ್ಪ್ರೇಕ್ಷೆಯೇ ಇರಬಹುದು. ಬೆಳ್ಳಿ ಪಟ್ಟಿಯ ಗಾಲಿ ಎರೆಮಣ್ಣಿನ ದಾರಿಯಲ್ಲಿ ಒಂದು ಸುಗ್ಗಿಯನ್ನೂ ದಾಟುತ್ತಿರಲಿಲ್ಲ. ಆದರೆ ಕಡಗ, ಉಡಿದಾರ, ತಾಟು, ತಂಬಿಗಿಗಳು ಉತ್ಪ್ರೇಕ್ಷೆಯಲ್ಲ.

ಆ ಕಾಲದ ರೈತನಿಗೆ ಬ್ಯಾಂಕು ಇರಲಿಲ್ಲ. ಸಹಕಾರಿ ಸಂಘ ಈ ನೆಲದಲ್ಲಿ, ಗದಗ ಪಕ್ಕದ ಕಣಗಿನಹಾಳದಲ್ಲಿ, ಹುಟ್ಟಿದ್ದು 1905ರಲ್ಲಿ. ಅಲ್ಲಿಯವರೆಗೆ ಉಳಿತಾಯ ಎಂದರೆ ಹಗೇವಿನ ಜೋಳ ಮತ್ತು ಪೆಟ್ಟಿಗೆಯ ಬೆಳ್ಳಿ. ತಾಟು ಊಟಕ್ಕೆ ಬರುತ್ತಿದ್ದದ್ದು ದೀಪಾವಳಿಯಲ್ಲಿ ಅಳಿಯ ಬಂದಾಗ, ಮಗುವಿಗೆ ಮೊದಲ ಅನ್ನ ಉಣಿಸುವಾಗ, ಮನೆಗೆ ಸ್ವಾಮಿಗಳು ದಯಮಾಡಿಸಿದಾಗ. ಉಳಿದ ದಿನ ಅದು ಬಟ್ಟೆ ಸುತ್ತಿಕೊಂಡು ಮಲಗಿದ ಹಣ.

ಬರಗಾಲದ ಮೂಸೆ

ಮಲಗಿದ ಹಣ ಎದ್ದದ್ದು 1876ರಲ್ಲಿ. ಮೈಸೂರು ಸೀಮೆಯಲ್ಲಿ ‘ಧಾತು ಬರ’ ಎಂದು ಹೆಸರಾದ ಆ ಭೀಕರ ಬರಗಾಲ ಧಾರವಾಡ, ಬಿಜಾಪುರ, ಬಳ್ಳಾರಿಗಳನ್ನೂ ಬಿಡಲಿಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷ ಕಡಿಮೆಯಾಯಿತು. ಹತ್ತರಲ್ಲಿ ಒಬ್ಬರು ಇಲ್ಲವಾದರು. ಗದಗಿಗೆ ಆಗ ರೈಲೂ ಇರಲಿಲ್ಲ. ಹೊಟಗಿಯಿಂದ ಬಂದ ದಕ್ಷಿಣ ಮರಾಠಾ ರೈಲು ಗದಗ ಮುಟ್ಟಿದ್ದು 1884ರಲ್ಲಿ, ಬರ ಮುಗಿದ ಆರು ವರ್ಷಗಳ ಮೇಲೆ.

ಬರಗಾಲದಲ್ಲಿ ಕಾಳು ತರಲು ಒಡವೆ, ಪಾತ್ರೆ ಮಾರಬೇಕು. ಆಗಿನ ವ್ಯವಸ್ಥೆಯಲ್ಲಿ ಒಂದು ಅನುಕೂಲವಿತ್ತು. ಮುಂಬಯಿ ಟಂಕಸಾಲೆಗೆ ಯಾರೇ ಬೆಳ್ಳಿ ಒಯ್ದರೂ ನೂರಕ್ಕೆ ಎರಡು ಚಿಲ್ಲರೆ ರೂಪಾಯಿ ಕೂಲಿ ಮುರಿದುಕೊಂಡು ಉಳಿದದ್ದನ್ನು ರೂಪಾಯಿಯಾಗಿ ಅಚ್ಚು ಹಾಕಿ ಕೊಡುತ್ತಿದ್ದರು. ಹಳ್ಳಿಯವನು ತಾನೇ ಮುಂಬಯಿಗೆ ಹೋಗುತ್ತಿರಲಿಲ್ಲ, ನಡುವೆ ಸರಾಫ, ಸಾವಕಾರ ಇದ್ದರು, ಅವರ ಲಾಭ ಇತ್ತು. ಆದರೂ ಅರವತ್ತು ರೂಪಾಯಿ ತಾಟಿನ ಬೆಲೆ ಅರವತ್ತು ರೂಪಾಯಿಯ ಹತ್ತಿರವೇ ನಿಲ್ಲುತ್ತಿತ್ತು. ಆ ಎರಡು ವರ್ಷ ಮುಂಬಯಿ ಟಂಕಸಾಲೆಗೆ ಒಡವೆ, ಪಾತ್ರೆಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ರೂಪಾಯಿಯಿಂದ ಹುಟ್ಟಿದ ತಾಟು ಮತ್ತೆ ರೂಪಾಯಿಯಾಗಿ, ಕಾಳಾಗಿ, ಕೆಲವರ ಜೀವ ಉಳಿಸಿತು.

ಮುಂದಿನ ಬರದ ಹೊತ್ತಿಗೆ ಈ ದಾರಿ ಮುಚ್ಚಿತ್ತು. ಜರ್ಮನಿ ಮೊದಲಾದ ದೇಶಗಳು 1870ರ ದಶಕದಲ್ಲಿ ಚಿನ್ನದ ನಾಣ್ಯಕ್ಕೆ ಹೋದವು, ಅಮೆರಿಕದ ಗಣಿಗಳಿಂದ ಬೆಳ್ಳಿ ಹರಿದುಬಂತು, ಲಂಡನ್ ಪೇಟೆಯಲ್ಲಿ ಬೆಳ್ಳಿಯ ಬೆಲೆ ಕುಸಿಯಿತು. ಬೆಳ್ಳಿಯ ಜೊತೆಗೆ ರೂಪಾಯಿಯೂ ಬಿದ್ದದ್ದರಿಂದ ಇಂಗ್ಲೆಂಡಿಗೆ ಚಿನ್ನದ ಲೆಕ್ಕದಲ್ಲಿ ಹಣ ಕಳಿಸಬೇಕಿದ್ದ ಭಾರತ ಸರ್ಕಾರಕ್ಕೆ ಕಷ್ಟವಾಯಿತು. 1893ರ ಜೂನ್ 26ರಂದು ಟಂಕಸಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಲಾಯಿತು. ಅಂದಿನಿಂದ ರೂಪಾಯಿ ಬೇರೆ, ಬೆಳ್ಳಿ ಬೇರೆ. ಮುಂದೆ ರೂಪಾಯಿಗೆ 16 ಪೆನ್ಸ್ ಎಂದು ದರ ನಿಂತಿತು. ಅದರೊಳಗಿನ ಬೆಳ್ಳಿಗೆ ಲಂಡನ್ ದರದಲ್ಲಿ ಸುಮಾರು ಹತ್ತೇ ಪೆನ್ಸ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹದಿನಾರಾಣೆಯ ರೂಪಾಯಿಯೊಳಗೆ ಹತ್ತಾಣೆಯ ಬೆಳ್ಳಿ.

ಸರ್ಕಾರದ ಖಜಾನೆಗೆ ಇದು ಸರಿಹೋಯಿತು. ಪೆಟ್ಟಿಗೆಯಲ್ಲಿ ತಾಟು ಇಟ್ಟುಕೊಂಡವರಿಗೆ ಇದು ಹೇಳದೆ ಕೇಳದೆ ಹಾಕಿದ ತೆರಿಗೆ. ಅರವತ್ತು ರೂಪಾಯಿ ಕರಗಿಸಿ ಮಾಡಿದ ತಾಟಿಗೆ ಈಗ ನಲವತ್ತು ರೂಪಾಯಿಯೂ ಹುಟ್ಟದು. ಆಮೇಲೆ ಮೂರು ವರ್ಷಕ್ಕೆ 1896ರ ಬರ, ಅದರ ಬೆನ್ನಿಗೆ 1899ರ ಬರ. ಮುಂಬಯಿ ಪ್ರಾಂತದ ಹಳ್ಳಿಗರು ಬೆಳ್ಳಿ ಮಾರಲು ಬಂದಾಗ ಕೈಗೆ ಸಿಕ್ಕ ಹಣ ಅವರ ತಂದೆಯರಿಗೆ ಸಿಕ್ಕಿದ್ದಕ್ಕಿಂತ ಬಹಳ ಕಡಿಮೆ. ದಾದಾಭಾಯಿ ನವರೋಜಿಯವರಂಥ ನಾಯಕರು ಈ ನಾಣ್ಯ ನೀತಿಯನ್ನು ಕಟುವಾಗಿ ಟೀಕಿಸಿದರು. ಲಂಡನ್ನಿನ ಸಮಿತಿಗಳ ವರದಿಯಲ್ಲಿ ಈ ವಾದ ದಾಖಲಾಯಿತು, ನೀತಿ ಬದಲಾಗಲಿಲ್ಲ.

ಚಹಾ ಪಾತ್ರೆಯ ಮೇಲೆ ದೇವರು

ಇದೇ ಕಾಲದಲ್ಲಿ ಇದೇ ರೂಪಾಯಿ ಬೆಳ್ಳಿ ಬೇರೊಂದು ದಾರಿ ಹಿಡಿದಿತ್ತು. ಮದರಾಸಿನ ಮೌಂಟ್ ರಸ್ತೆಯ ಪಿ. ಓರ್ ಅಂಡ್ ಸನ್ಸ್, ಬೆಂಗಳೂರು ದಂಡಿನ ಬಾರ್ಟನ್ ಸನ್ ಅಂಡ್ ಕಂಪನಿ, ಕಲ್ಕತ್ತೆಯಲ್ಲಿ 1808ರಿಂದ ಇದ್ದ ಹ್ಯಾಮಿಲ್ಟನ್, ಕಚ್ಛದ ಭುಜ್ ಊರಿನ ಊಮರ್ಸಿ ಮಾವ್ಜಿ ಮುಂತಾದವರು ಬಿಳಿಯರ ಮನೆಗಳಿಗೆ, ರಾಜಮಹಾರಾಜರಿಗೆ ಬೆಳ್ಳಿ ಸಾಮಾನು ಮಾಡಿಸಿ ಕೊಡುತ್ತಿದ್ದರು. ಬೆಂಗಳೂರಿನಲ್ಲಿ ಕೃಷ್ಣಯ್ಯ ಚೆಟ್ಟಿಯವರ ಅಂಗಡಿ 1869ರಲ್ಲಿ ಶುರುವಾಯಿತು. 1875-76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಬರೋಡೆಯ ಗಾಯಕವಾಡರು ಕೊಟ್ಟ ಉಡುಗೊರೆಗಳಲ್ಲಿ ಪಿ. ಓರ್ ಅವರ ಚಹಾ ಪಾತ್ರೆಗಳ ಸೆಟ್ ಒಂದಿತ್ತು. ಮೈತುಂಬ ಕಮಾನು, ಕಮಾನಿನೊಳಗೆ ದೇವತೆಗಳ ಉಬ್ಬು ಕೆತ್ತನೆ. ಇಂಗ್ಲಿಷರು ಈ ಶೈಲಿಗೆ ‘ಸ್ವಾಮಿ’ ಎಂದೇ ಹೆಸರಿಟ್ಟರು. ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುವ ದಕ್ಷಿಣ ಭಾರತದ ಬೆಳ್ಳಿ ಇದೇ.

ಗದಗಿನ ಮನೆಯೊಂದರಲ್ಲಿ ಇಂಥ ಪಾತ್ರೆ ಸಿಗುವುದು ಕಷ್ಟ, ಕಾರಣ ಬಡತನವಲ್ಲ. ಎಂಜಲಾಗುವ ಪಾತ್ರೆಯ ಮೇಲೆ ದೇವರ ಮೂರ್ತಿ ಇರುವುದನ್ನು ನಮ್ಮ ಅಡುಗೆಮನೆ ಒಪ್ಪುವುದಿಲ್ಲ. ಲಕ್ಷ್ಮಿ, ಗಜಲಕ್ಷ್ಮಿಯರಿಗೆ ಜಾಗ ದೇವರ ಜಗುಲಿಯ ಸಾಮಾನಿನ ಮೇಲೆ. ಉಣ್ಣುವ ತಾಟು ನುಣುಪಾಗಿ, ಬರಿದಾಗಿ ಇರಬೇಕು. ಹೆಚ್ಚೆಂದರೆ ಅಂಚಿಗೊಂದು ಬಳ್ಳಿ, ನಡುವೆ ಒಂದು ಹೂವು. ‘ಸ್ವಾಮಿ’ ಚಹಾ ಪಾತ್ರೆ ನಮ್ಮ ಅಕ್ಕಸಾಲಿಗರ ಕೈಯಿಂದ ಬಂದರೂ ನಮ್ಮವರ ಊಟಕ್ಕಾಗಿ ಬಂದದ್ದಲ್ಲ.

ಈ ಸಾಮಾನು ಇಂಗ್ಲೆಂಡಿಗೆ ಹೋದಾಗ ಒಂದು ತಮಾಷೆಯಾಯಿತು. ಅಲ್ಲಿನ ಕಾನೂನಿನ ಪ್ರಕಾರ ಹೊರದೇಶದ ಬೆಳ್ಳಿ ಪಾತ್ರೆಯೂ ಸ್ಟರ್ಲಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಇಲ್ಲದಿದ್ದರೆ ಮಾರುವಂತಿಲ್ಲ. ರಾಣಿಯ ಮುಖವಿದ್ದ ರೂಪಾಯಿಯನ್ನು ಕರಗಿಸಿ ಮಾಡಿದ ಪಾತ್ರೆ ರಾಣಿಯ ದೇಶದ ಪರೀಕ್ಷೆಯಲ್ಲಿ ಎಂಟು ಪಾಲಿನಿಂದ ನಪಾಸು! ಜೊತೆಗೆ ಔನ್ಸಿಗೆ ಒಂದೂವರೆ ಶಿಲಿಂಗ್ ಸುಂಕ. ವರ್ತಕರು ಗದ್ದಲ ಮಾಡಿದ ಮೇಲೆ 1884ರ ಕಂದಾಯ ಕಾಯ್ದೆಯಲ್ಲಿ ಪೌರಸ್ತ್ಯ ಮಾದರಿಯ ಕೈಕೆತ್ತನೆಯ ಬೆಳ್ಳಿಗೆ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು. ಸುಂಕ ರದ್ದಾದದ್ದು 1890ರಲ್ಲಿ. ಕೆತ್ತನೆ ಇದ್ದದ್ದು ಉಳಿಯಿತು. ನುಣುಪಾದ ರೂಪಾಯಿ ತಾಟಿಗೆ ಆ ವಿನಾಯಿತಿಯೂ ಇಲ್ಲ, ಅದನ್ನು ಅಲ್ಲಿಗೆ ಒಯ್ದವರೂ ಇಲ್ಲ.

ಚುಕ್ಕಿಯ ಹೆಸರು

ಹಾಗಾದರೆ ಗದಗಿನ ತಾಟಿಗೆ ಜಾತಕವೇ ಇಲ್ಲವೇ? ಇದೆ. ಅದನ್ನು ತಿರುವಿ ನೋಡಬೇಕು. ತಳಭಾಗದಲ್ಲೋ ಅಂಚಿನ ಕೆಳಗೋ ಮೊನಚು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರಿರುತ್ತದೆ. ಮದುವೆಯಲ್ಲಿ ಕೊಟ್ಟ ತವರಿನ ಹೆಸರು, ಊರು, ಕೆಲವೊಮ್ಮೆ ತಿಥಿ, ಕೆಲವೊಮ್ಮೆ ತೂಕ. ಹಳೆಯ ಪಾತ್ರೆಗಳಲ್ಲಿ ಅಕ್ಷರ ಮೋಡಿಯೋ ಬಾಲಬೋಧವೋ ಆಗಿದ್ದರೆ ಆಶ್ಚರ್ಯವಿಲ್ಲ. ಲಕ್ಷ್ಮೇಶ್ವರ 1948ರವರೆಗೆ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಊರುಗಳು. ಕಚೇರಿಯ ಬರವಣಿಗೆ ಮರಾಠಿಯಲ್ಲಿತ್ತು. ಇಂಗ್ಲೆಂಡಿನ ಮುದ್ರೆ ಪಾತ್ರೆ ಮಾಡಿದವನ ಹೆಸರು ಹೇಳುತ್ತದೆ. ನಮ್ಮದು ಕೊಟ್ಟವರ ಹೆಸರು ಹೇಳುತ್ತದೆ. ಮಾಡಿದ ಪತ್ತಾರನ ಹೆಸರು ಮಾತ್ರ ಎಲ್ಲೂ ಇಲ್ಲ.

ಲೋಹವೂ ಕಾಲವನ್ನು ಹೇಳಬಲ್ಲದು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಮತ್ತೆ ಏರಿ, ರೂಪಾಯಿಯೊಳಗಿನ ಬೆಳ್ಳಿ ರೂಪಾಯಿಗಿಂತ ಹೆಚ್ಚು ಬಾಳತೊಡಗಿದಾಗ ಸರ್ಕಾರ 1917ರಲ್ಲಿ ನಾಣ್ಯ ಕರಗಿಸುವುದನ್ನು ನಿಷೇಧಿಸಿತು, ಒಂದು ರೂಪಾಯಿಯ ನೋಟು ತಂದಿತು. ಎರಡನೆಯ ಯುದ್ಧದಲ್ಲಿ, 1940ರಲ್ಲಿ, ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರಲ್ಲಿ ನಿಕಲ್ ರೂಪಾಯಿ ಬಂತು. ರಾಣಿ ಛಾಪಿನ ಹಳೆಯ ರೂಪಾಯಿಗಳು 1940ರ ದಶಕದ ಆರಂಭದಲ್ಲೇ ಚಲಾವಣೆ ಕಳೆದುಕೊಂಡವು. ಆದ್ದರಿಂದ 91ರ ಆಸುಪಾಸಿನ ಶುದ್ಧಿಯ ಹಳೆಯ ತಾಟು ಕಂಡರೆ ಅದು ಹಳೆಯ ರೂಪಾಯಿಯ ಸಂತಾನ ಎಂದು ಊಹಿಸಲು ಕಾರಣವಿದೆ. ಕಡಿಮೆ ಬಂದರೆ ಬೆಸುಗೆ ಇರಬಹುದು, ಕಾವಲು ಸಡಿಲವಾಗಿದ್ದಿರಬಹುದು.

ಕೊಳ್ಳುವವರು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿ ‘ಜರ್ಮನ್ ಸಿಲ್ವರ್’. ಹೆಸರಲ್ಲಿ ಬೆಳ್ಳಿ ಇದೆ, ಪಾತ್ರೆಯಲ್ಲಿಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಕಂಪನಿ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ಹಕ್ಕುಪತ್ರ ಪಡೆದ ಮೇಲೆ ಅಂಥ ಪಾತ್ರೆಗಳು ಜಗತ್ತಿನ ತುಂಬ ಹರಡಿದವು. ಅವುಗಳ ಮೇಲಿನ ‘ಇಪಿಎನ್‌ಎಸ್’ ಎಂಬ ನಾಲ್ಕು ಅಕ್ಷರಗಳನ್ನು ಬೆಳ್ಳಿಯ ಮುದ್ರೆ ಎಂದು ನಂಬಿ ಬೇಸ್ತುಬಿದ್ದವರು ಕಡಿಮೆಯಲ್ಲ. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೂ ‘ಜರ್ಮನ್’ ಎನ್ನುವ ರೂಢಿ ಇರುವುದರಿಂದ ಗೊಂದಲ ಇನ್ನಷ್ಟು. ನೂರು ವರ್ಷ ದಾಟಿದ ಅಸಲಿ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು.

ಸರ್ಕಾರಿ ಹಾಲ್‌ಮಾರ್ಕ್ ಭಾರತದ ಬೆಳ್ಳಿಗೆ ಬಂದದ್ದು 2005ರಲ್ಲಿ, ಅದೂ ಕಡ್ಡಾಯವಾಗಿ ಅಲ್ಲ. ಆ ಹೊತ್ತಿಗೆ ರೂಪಾಯಿ ತಾಟುಗಳನ್ನು ಮಾಡಿದವರೂ ಮಾಡಿಸಿದವರೂ ಉಳಿದಿರಲಿಲ್ಲ. ಪಾತ್ರೆಗಳೂ ವೇಗವಾಗಿ ಕಡಿಮೆಯಾಗುತ್ತಿವೆ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿಯ ಗಡಿ ದಾಟಿ ಇನ್ನೂ ಮೇಲಕ್ಕೆ ಹೋದಾಗ ಪೆಟ್ಟಿಗೆಯ ತಾಟು ಹೊರಗೆ ತೆಗೆಯದ ಮನೆ ವಿರಳ. ಮಗಳ ಫೀಜು, ಬೋರ್‌ವೆಲ್ಲು, ಆಸ್ಪತ್ರೆ, ಕಾರಣಗಳು ನೂರು. ಹಾಗೆ ಮಾರುವವರನ್ನು ದೂರುವಂತಿಲ್ಲ. ಆ ತಾಟನ್ನು ಮಾಡಿಸಿಟ್ಟದ್ದೇ ಇಂಥ ದಿನಕ್ಕಾಗಿ.

ದೂರುವುದಿದ್ದರೆ ಬೇರೆಯದನ್ನು. ತಾಟು ಹೋಗುವ ಮುನ್ನ ಅದರ ತಳದ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ, ಒಂದು ಫೋಟೊ ತೆಗೆಯುವುದಿಲ್ಲ. ಉಳಿಸಿಕೊಂಡವರೂ ಹಬ್ಬ ಹಬ್ಬಕ್ಕೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿ ಉಜ್ಜಿ ಚುಕ್ಕಿಗಳನ್ನು ಸವೆಸಿದ್ದಾರೆ. ಈಗಿನ ಪಾಲಿಶ್ ಯಂತ್ರ ಆ ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸುತ್ತದೆ.

ಸರಾಫರ ಅಂಗಡಿಯಲ್ಲಿ ಈಗ ಒರೆಗಲ್ಲಿನ ಜಾಗದಲ್ಲಿ ಎಕ್ಸ್-ರೇ ಯಂತ್ರವಿದೆ. ತಾಟನ್ನು ಅದರೊಳಗಿಟ್ಟರೆ ಅರೆ ನಿಮಿಷದಲ್ಲಿ ಶೇಕಡಾವಾರು ಅಂಕಿ ಪರದೆಯ ಮೇಲೆ ಮೂಡುತ್ತದೆ. ಅಂಕಿ 91ರ ಹತ್ತಿರ ಬಂದರೆ ಹಳಬ ಸರಾಫರು ಕನ್ನಡಕ ಏರಿಸಿ ‘ರೂಪಾಯಿ ಬೆಳ್ಳಿ’ ಎನ್ನುತ್ತಾರೆ, ತೂಕಕ್ಕೆ ದರ ಕಟ್ಟುತ್ತಾರೆ. ಆಮೇಲೆ ತಾಟನ್ನು ನಡುವಿಗೆ ಮಡಚುತ್ತಾರೆ. ಅಗಲ ತಾಟು ಹಾಗೇ ಮೂಸೆಯ ಬಾಯೊಳಗೆ ಹೋಗುವುದಿಲ್ಲ.